ಪಿಸುಮಾತಿಗೆ ಆಕಾಶದ ತಾಳ

೧೯೨೧ನೆಯ ಇಸವಿಯ ಡಿಸೆಂಬರ್ ತಿಂಗಳು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಆರ್ಡ್ರಾಸನ್ ಎಂಬ ಊರು. ಊರ ಹೊರಗಿನ ತೇವದ ಬಯಲಿನಲ್ಲಿ ಒಂದು ಗುಡಾರ. ಅದರೊಳಗೆ, ಸಮುದ್ರದ ಮೇಲಿಂದ ಬೀಸುವ ಚಳಿಗಾಳಿಗೆ ನಡುಗುತ್ತ, ಕಿವಿಗೆ ಶ್ರವಣ ಸಾಧನವನ್ನು ಬಿಗಿದುಕೊಂಡು, ಪಾಲ್ ಗಾಡ್ಲಿ ಎಂಬ ಅಮೆರಿಕದ ರೇಡಿಯೋ ತಂತ್ರಜ್ಞರು ರಾತ್ರಿಗಳನ್ನು ಕಳೆಯುತ್ತಿದ್ದರು. ಸಾಕ್ಷಿಯಾಗಿ ಪಕ್ಕದಲ್ಲಿ ಮಾರ್ಕೋನಿ ಸಂಸ್ಥೆಯ ಅಧಿಕಾರಿಯೊಬ್ಬರು. ಅಟ್ಲಾಂಟಿಕ್ ಮಹಾಸಾಗರದ ಆಚೆಯ ದಡದಲ್ಲಿ, ತಮ್ಮ ತಮ್ಮ ಮನೆಗಳ ಅಟ್ಟದಲ್ಲೋ ಹಿತ್ತಿಲಲ್ಲೋ ಯಂತ್ರ ಜೋಡಿಸಿಕೊಂಡ ಹವ್ಯಾಸಿಗಳು ಕಳುಹಿಸುವ ಸಂಕೇತ ಈಚೆಯ ದಡಕ್ಕೆ ಕೇಳಿಸೀತೆ? ಅದನ್ನು ಪರೀಕ್ಷಿಸಲೆಂದೇ ಅಮೆರಿಕದ ಹವ್ಯಾಸಿಗಳ ಸಂಘ ಅವರನ್ನು ಹಡಗು ಹತ್ತಿಸಿ ಕಳುಹಿಸಿತ್ತು.

ಕೇಳಿಸಿತು! ಒಂದಲ್ಲ, ಎರಡಲ್ಲ, ಇಪ್ಪತ್ತಕ್ಕೂ ಹೆಚ್ಚು ಹವ್ಯಾಸಿ ಕೇಂದ್ರಗಳ ಚುಕ್ಕೆ-ಗೆರೆಗಳು ಸಾಗರವನ್ನು ದಾಟಿ ಆ ಗುಡಾರಕ್ಕೆ ಬಂದುವು. ಯಾರು ಎಷ್ಟು ಹೊತ್ತಿಗೆ ಕಳುಹಿಸಬೇಕೆಂಬುದು ಮೊದಲೇ ಗೊತ್ತಾಗಿತ್ತು. ಆದರೆ ಕೇಳುವವರ ಕೈಗಡಿಯಾರ ಒಂದೆರಡು ಸೆಕೆಂಡು ಹಿಂದೆ ಮುಂದೆ ಇದ್ದರೂ ಕೆಲಸವೇನೂ ಕೆಡುತ್ತಿರಲಿಲ್ಲ.

ಇದಾಗಿ ನೂರು ವರ್ಷ ಕಳೆದಿದೆ. ಇಂದಿಗೂ ಚಳಿಗಾಲದ ರಾತ್ರಿಗಳಲ್ಲಿ ಅದೇ ಸಾಗರದ ಎರಡು ದಡಗಳಲ್ಲಿ ಹವ್ಯಾಸಿಗಳು ಕಿವಿಗೊಟ್ಟು ಕುಳಿತಿರುತ್ತಾರೆ. ಒಂದೇ ಒಂದು ವ್ಯತ್ಯಾಸವೆಂದರೆ, ಅವರ ಗಡಿಯಾರಗಳು ಈಗ ಒಂದೆರಡು ಸೆಕೆಂಡು ಇರಲಿ, ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು ತಪ್ಪಿದರೂ ಕೆಲವು ಸಲ ಕೆಲಸ ಕೆಡಬಹುದು. ಈ ಸೂಕ್ಷ್ಮ ಕಾಲವನ್ನು ಅವರಿಗೆ ಒದಗಿಸುವುದು ನೆಲದ ಮೇಲಿನ ಯಾವ ಗೋಪುರದ ಗಡಿಯಾರವೂ ಅಲ್ಲ. ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿರುವ ಕೃತಕ ಉಪಗ್ರಹಗಳು!

ತವರಿಗೆ ಮರಳಿದವರು

ರೇಡಿಯೋ ತನ್ನ ಬಾಲ್ಯದಲ್ಲಿ ದೀರ್ಘತರಂಗಗಳನ್ನೇ ನಂಬಿತ್ತು. ಅಲೆ ಉದ್ದವಾದಷ್ಟೂ ದೂರ ಹೋಗುತ್ತದೆಂಬುದು ಆಗಿನ ಬಲ್ಲವರ ದೃಢವಾದ ಮತ. ಸ್ವೀಡನ್ನಿನ ಗ್ರಿಮೆಟಾನ್ ಎಂಬಲ್ಲಿ ಆ ಕಾಲದ ಒಂದು ಕೇಂದ್ರ ಇಂದಿಗೂ ಸುಸ್ಥಿತಿಯಲ್ಲಿ ನಿಂತಿದೆ. ತಲಾ ೧೨೭ ಮೀಟರು ಎತ್ತರದ ಆರು ಉಕ್ಕಿನ ಗೋಪುರಗಳು. ಅವುಗಳ ಬುಡದಲ್ಲಿ ಗಿರಣಿಯ ಚಕ್ರದಂತೆ ಭೋರ್ಗರೆದು ತಿರುಗುವ ಬೃಹತ್ ವಿದ್ಯುಜ್ಜನಕ ಯಂತ್ರ. ೨೦೦೪ರಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಅಂಥ ಐಶ್ವರ್ಯ ಸರಕಾರಗಳಿಗೆ, ದೊಡ್ಡ ಕಂಪನಿಗಳಿಗೆ ಮಾತ್ರ ಸಾಧ್ಯವಾಗಿತ್ತು. ಅಮೆರಿಕದ ೧೯೧೨ರ ಕಾನೂನು ಹವ್ಯಾಸಿಗಳನ್ನು ೨೦೦ ಮೀಟರಿಗೆ ಮೀರದ, ‘ನಿಷ್ಪ್ರಯೋಜಕ’ವೆನಿಸಿದ್ದ ಹ್ರಸ್ವತರಂಗಗಳತ್ತ ಅಟ್ಟಿಬಿಟ್ಟಿತು.

ಆದರೆ ಕಸವೆಂದು ಎಸೆದದ್ದೇ ಕನಕವಾಯಿತು. ೧೯೨೩ರ ನವೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದ ಲಿಯಾನ್ ದೆಲುವಾ ಎಂಬ ಹವ್ಯಾಸಿ ಸುಮಾರು ೧೦೦ ಮೀಟರಿನ ಅಲೆಯಲ್ಲಿ ಅಮೆರಿಕದೊಡನೆ ಎರಡೂ ಕಡೆಯ ಸಂಭಾಷಣೆಯನ್ನೇ ನಡೆಸಿದರು. ಹ್ರಸ್ವತರಂಗಗಳ ಮಹಿಮೆ ಲೋಕಕ್ಕೆ ತಿಳಿಯಿತು; ದೀರ್ಘತರಂಗಗಳು ಹಿಂದಿನ ಸಾಲಿಗೆ ಸರಿದುವು. ಆಮೇಲೆ ಎಪ್ಪತ್ತು ವರ್ಷಗಳ ಕಾಲ ಹವ್ಯಾಸಿಗಳಿಗೆ ಆ ಕಡೆಯ ನೆನಪೇ ಇರಲಿಲ್ಲ ಎನ್ನಬಹುದು.

ಅವರು ಮರಳಿದ್ದು ೧೯೯೦ರ ದಶಕದಲ್ಲಿ. ಬ್ರಿಟನ್ನು ೧೯೯೬ರಲ್ಲಿ ೭೩ ಕಿಲೋಹರ್ಟ್ಸಿನ ಸುತ್ತ, ೧೯೯೮ರಲ್ಲಿ ೧೩೬ ಕಿಲೋಹರ್ಟ್ಸಿನ ಸುತ್ತ ಅವರಿಗೆ ಕಿರಿದಾದ ಜಾಗ ಬಿಟ್ಟುಕೊಟ್ಟಿತು. ಹಿರಿಯರು ‘ಕಿಲೋಸೈಕಲ್’ ಎನ್ನುತ್ತಿದ್ದುದೇ ಇಂದಿನ ಕಿಲೋಹರ್ಟ್ಸ್. ಸೆಕೆಂಡಿಗೆ ಸಾವಿರ ಕಂಪನ. ೨೦೦೭ರ ವಿಶ್ವ ರೇಡಿಯೋ ಸಮ್ಮೇಳನ ೧೩೫.೭ರಿಂದ ೧೩೭.೮ ಕಿಲೋಹರ್ಟ್ಸಿನವರೆಗಿನ ಪಟ್ಟಿಯನ್ನೂ, ೨೦೧೨ರ ಸಮ್ಮೇಳನ ೪೭೨ರಿಂದ ೪೭೯ರವರೆಗಿನ ಪಟ್ಟಿಯನ್ನೂ ಹವ್ಯಾಸಿಗಳಿಗೆ ಮಂಜೂರು ಮಾಡಿದುವು. ಅಮೆರಿಕದಲ್ಲಿ ಈ ಬಾಗಿಲು ತೆರೆದದ್ದು ೨೦೧೭ರಲ್ಲಿ.

ಬಾಗಿಲು ತೆರೆಯಿತು, ನಿಜ. ಆದರೆ ಕಟ್ಟಳೆ ಕಠಿಣವಾಗಿತ್ತು. ೧೩೬ ಕಿಲೋಹರ್ಟ್ಸಿನಲ್ಲಿ ಆಕಾಶಕ್ಕೆ ಹೊರಡುವ ಶಕ್ತಿ ಒಂದು ವ್ಯಾಟಿಗೆ ಮೀರುವಂತಿಲ್ಲ. ಒಂದು ವ್ಯಾಟು ಎಂದರೆ ಕೈಬ್ಯಾಟರಿಯ ಬಲ್ಬು ಹೊತ್ತಿಸುವಷ್ಟು!

ಮೂವತ್ತೊಂದು ಗೊಮ್ಮಟರು

ಆ ಒಂದು ವ್ಯಾಟನ್ನು ಹೊರಡಿಸುವುದೂ ಸುಲಭವಲ್ಲ. ೧೩೬ ಕಿಲೋಹರ್ಟ್ಸಿನ ಅಲೆಯ ಉದ್ದ ೨,೨೦೦ ಮೀಟರು. ಒಳ್ಳೆಯ ಏರಿಯಲ್ ಬೇಕಾದರೆ ಅದರ ನಾಲ್ಕನೆಯ ಒಂದು ಪಾಲು, ಅಂದರೆ ೫೫೦ ಮೀಟರು ಎತ್ತರ ಇರಬೇಕು. ಶ್ರವಣಬೆಳಗೊಳದ ಗೊಮ್ಮಟೇಶ್ವರನಂಥ ಮೂವತ್ತೊಂದು ಮೂರ್ತಿಗಳನ್ನು ಒಂದರ ತಲೆಯ ಮೇಲೊಂದು ನಿಲ್ಲಿಸಿದರೆ ಆಗುವ ಎತ್ತರವದು. ಹಿತ್ತಿಲಿರುವ ಗೃಹಸ್ಥ ನಿಲ್ಲಿಸಬಲ್ಲ ಕಂಬವೋ ಒಬ್ಬ ಗೊಮ್ಮಟನ ಎತ್ತರವನ್ನು ಮುಟ್ಟಿದರೆ ಹೆಚ್ಚು.

ಇಷ್ಟು ಗಿಡ್ಡ ತಂತಿಗೆ ಇಷ್ಟು ಉದ್ದದ ಅಲೆಯನ್ನು ಒಪ್ಪಿಸಲು, ಪ್ಲಾಸ್ಟಿಕ್ ಪೀಪಾಯಿಯಂಥ ದೊಡ್ಡ ಆಧಾರದ ಮೇಲೆ ತಾಮ್ರದ ತಂತಿಯನ್ನು ನೂರಾರು ಸುತ್ತು ಸುತ್ತಿ ಸುರುಳಿ ಮಾಡಬೇಕಾಗುತ್ತದೆ. ಯಂತ್ರದಿಂದ ನೂರಾರು ವ್ಯಾಟು ಹೊರಟರೂ ಬಹುಪಾಲು ಆ ಸುರುಳಿಯನ್ನೂ ಹಿತ್ತಿಲಿನ ಮಣ್ಣನ್ನೂ ಬೆಚ್ಚಗೆ ಮಾಡುವುದರಲ್ಲೇ ಕಳೆದುಹೋಗುತ್ತದೆ. ಆಕಾಶಕ್ಕೆ ಸಲ್ಲುವುದು ನೂರಕ್ಕೆ ಒಂದು ಪಾಲು; ಹಲವು ಸಲ ಅದೂ ಇಲ್ಲ. ತಂತಿಯ ತುದಿಯಲ್ಲಿ ಮಾತ್ರ ಸಾವಿರಾರು ವೋಲ್ಟುಗಳ ಒತ್ತಡ. ಮಳೆಯ ರಾತ್ರಿಯಲ್ಲಿ ಅಲ್ಲಿಂದ ಕಿಡಿ ಸಿಡಿಯುವುದೂ ಉಂಟು. ಮಕ್ಕಳು ಮರಿಗಳು ಅತ್ತ ಸುಳಿಯದಂತೆ ಬೇಲಿ ಹಾಕಿಕೊಳ್ಳದೆ ಈ ಆಟಕ್ಕೆ ಇಳಿಯುವಂತಿಲ್ಲ.

ಇನ್ನು ಕೇಳುವವರ ಪಾಡು. ಜಗತ್ತಿನಲ್ಲಿ ಎಲ್ಲಿ ಮಿಂಚು ಹೊಡೆದರೂ ಅದರ ಸಿಡಿತ ದೀರ್ಘತರಂಗಗಳಲ್ಲಿ ಸಾವಿರಾರು ಮೈಲಿ ಹರಿದು ಬರುತ್ತದೆ. ಉಷ್ಣವಲಯದ ದೇಶಗಳ ಸಂಜೆಯ ಗುಡುಗು ಯೂರೋಪಿನ ಗ್ರಾಹಕ ಯಂತ್ರದಲ್ಲಿ ಹುರಿಗಡಲೆ ಸಿಡಿದಂತೆ ಚಟಪಟ ಎನ್ನುತ್ತದೆ. ಇದರ ಮೇಲೆ ನೆರೆಮನೆಯ ದೀಪ, ದೂರದರ್ಶನದ ಪೆಟ್ಟಿಗೆ, ಫೋನಿಗೆ ವಿದ್ಯುತ್ತು ತುಂಬುವ ಡಬ್ಬಿ—ಎಲ್ಲವೂ ತಮ್ಮ ತಮ್ಮ ಗೊರಗೊರ ಶಬ್ದವನ್ನು ಸೇರಿಸುತ್ತವೆ. ಸಂತೆಯ ನಡುವೆ ನಿಂತು ಹತ್ತು ಹರದಾರಿ ಆಚೆಯಿಂದ ಬರುವ ಪಿಸುಮಾತನ್ನು ಕೇಳಬೇಕು, ಸಮಸ್ಯೆ ಇಷ್ಟೆ!

ಹನಿಗೂಡಿದ ಹಳ್ಳ

ದನಿಯನ್ನು ಎತ್ತರಿಸಲು ಕಾನೂನು ಬಿಡದು, ಸಂತೆಯನ್ನು ಸುಮ್ಮನಿರಿಸಲು ಯಾರಿಂದಲೂ ಆಗದು. ಉಳಿದಿರುವುದು ಒಂದೇ ಉಪಾಯ: ಅದೇ ಪಿಸುಮಾತನ್ನು ತೀರ ನಿಧಾನವಾಗಿ, ಬಹಳ ಹೊತ್ತು ಹೇಳುವುದು, ಕೇಳುವವರು ಅದನ್ನು ಹನಿಹನಿಯಾಗಿ ಕೂಡಿಸಿಕೊಳ್ಳುವುದು. ಹನಿ ಹನಿಗೂಡಿದರೆ ಹಳ್ಳವಲ್ಲವೆ?

ಇದರ ಲೆಕ್ಕವನ್ನು ತೇರು ಎಳೆಯುವವರಿಂದ ತಿಳಿಯಬಹುದು. ಜಾತ್ರೆಯ ದಿನ ನೂರು ಜನ ಹಗ್ಗಕ್ಕೆ ಕೈ ಹಾಕಿರುತ್ತಾರೆ. ಮನ ಬಂದಾಗ ಒಬ್ಬೊಬ್ಬರು ಎಳೆದರೆ ಗಾಲಿ ಕದಲುವುದಿಲ್ಲ. ಮುಂದಾಳು ಕೂಗು ಹಾಕಿ, ನೂರು ತೋಳುಗಳು ಒಂದೇ ಉಸಿರಿಗೆ ಜಗ್ಗಿದಾಗ ತೇರು ಹೊರಡುತ್ತದೆ. ಸಂಕೇತದ ನೂರು ತುಣುಕುಗಳನ್ನು ಹೀಗೆ ತಾಳ ತಪ್ಪದೆ ಕೂಡಿಸಿದರೆ ಅದು ನೂರು ಪಟ್ಟಾಗುತ್ತದೆ. ಗದ್ದಲಕ್ಕೆ ತಾಳವಿಲ್ಲ. ಒಂದು ಗಳಿಗೆ ಮುಂದಕ್ಕೆ, ಒಂದು ಗಳಿಗೆ ಹಿಂದಕ್ಕೆ ಎಳೆದು ತನ್ನನ್ನು ತಾನೇ ಬಹಳಮಟ್ಟಿಗೆ ಅಳಿಸಿಕೊಳ್ಳುತ್ತದೆ. ನೂರು ತುಣುಕು ಕೂಡಿಸಿದರೂ ಅದು ಬೆಳೆಯುವುದು ಹತ್ತು ಪಟ್ಟು ಮಾತ್ರ. ಕೂಡಿಸುತ್ತ ಹೋದಂತೆ ಪಿಸುಮಾತು ಸಂತೆಯ ಮೇಲೆ ತಲೆ ಎತ್ತುತ್ತದೆ.

ಹವ್ಯಾಸಿಗಳು ಮೊದಲು ಹಿಡಿದದ್ದು ಹಳೆಯ ಮೋರ್ಸ್ ಸಂಕೇತವನ್ನೇ. ತಂತಿ ಕಚೇರಿಯ ನುರಿತ ಗುಮಾಸ್ತನ ಕೈಯಲ್ಲಿ ಒಂದು ಚುಕ್ಕೆ ಸೆಕೆಂಡಿನ ಹತ್ತನೆಯ ಒಂದು ಪಾಲು ಹಿಡಿಯುತ್ತಿತ್ತು. ಇವರು ಅದನ್ನು ಮೂರು ಸೆಕೆಂಡಿಗೆ, ಮೂವತ್ತಕ್ಕೆ, ಕೊನೆಗೆ ಅರವತ್ತು ಸೆಕೆಂಡಿಗೆ ಎಳೆದರು. ಒಂದು ಚುಕ್ಕೆಗೆ ಒಂದು ನಿಮಿಷ! ಕೇಂದ್ರದ ಹೆಸರೊಂದನ್ನು ಹೇಳಿ ಮುಗಿಸಲು ಒಂದು ಗಂಟೆಯ ಆಸುಪಾಸು. ಕಿವಿಗೆ ಇದು ಕೇಳುವಂಥದಲ್ಲ. ಗಣಕಯಂತ್ರದ ಪರದೆಯ ಮೇಲೆ ನಿಧಾನವಾಗಿ ಮೂಡುವ ಗೆರೆಯನ್ನು ಕಣ್ಣಿನಿಂದ ಓದಬೇಕು. ೨೦೦೧ರ ಫೆಬ್ರವರಿಯಲ್ಲಿ ೧೩೬ ಕಿಲೋಹರ್ಟ್ಸಿನಲ್ಲಿ ಅಟ್ಲಾಂಟಿಕ್ಕಿನ ಎರಡು ದಡಗಳ ನಡುವೆ ಇಂಥ ‘ಸಂಭಾಷಣೆ’ ನಡೆದಾಗ, ಹೆಸರುಗಳನ್ನೂ ‘ತಲುಪಿತು’ ಎಂಬ ಒಪ್ಪಿಗೆಯನ್ನೂ ವಿನಿಮಯ ಮಾಡಿಕೊಳ್ಳಲು ದಿನಗಳೇ ಹಿಡಿದುವು.

ನಕ್ಷತ್ರದಿಂದ ಕಲಿತ ಪಾಠ

ಈ ಕಲೆಗೆ ಹೊಸ ಶಾಸ್ತ್ರವನ್ನು ತಂದವರು ಅಮೆರಿಕದ ಖಗೋಳಶಾಸ್ತ್ರಜ್ಞ ಜೋಸೆಫ್ ಟೇಲರ್. ಅವರು ಬಾಲ್ಯದಿಂದಲೂ ರೇಡಿಯೋ ಹವ್ಯಾಸಿಗಳು. ೧೯೭೪ರಲ್ಲಿ ಪೋರ್ಟೊರಿಕೊ ದ್ವೀಪದ ಅರೆಸಿಬೊ ದೂರದರ್ಶಕದಿಂದ, ತಮ್ಮ ಶಿಷ್ಯ ರಸೆಲ್ ಹಲ್ಸ್ ಅವರೊಡನೆ, ಅವರು ಒಂದು ಅಪೂರ್ವವಾದ ಜೋಡಿನಕ್ಷತ್ರವನ್ನು ಕಂಡುಹಿಡಿದರು. ಆ ಜೋಡಿಯಲ್ಲಿ ಒಂದು, ಸೆಕೆಂಡಿಗೆ ಸುಮಾರು ಹದಿನೇಳು ಸಲ ರೇಡಿಯೋ ಮಿಡಿತವನ್ನು ಕಳುಹಿಸುವ ಮಿಡಿನಕ್ಷತ್ರ. ಒಂದೊಂದು ಮಿಡಿತವೂ ಗದ್ದಲದಲ್ಲಿ ಹೂತುಹೋಗುವಷ್ಟು ಕ್ಷೀಣ. ನಿಖರವಾದ ಗಡಿಯಾರವನ್ನು ಇಟ್ಟುಕೊಂಡು, ನಿಮಿಷಗಟ್ಟಲೆ ಬಂದ ಮಿಡಿತಗಳನ್ನು ಒಂದರ ಮೇಲೊಂದು ತಾಳಕ್ಕೆ ಸರಿಯಾಗಿ ಕೂಡಿಸಿದಾಗಲೇ ಅದರ ರೂಪ ಸ್ಪಷ್ಟವಾಗುತ್ತಿತ್ತು. ಆ ಜೋಡಿಯ ಕಕ್ಷೆ ವರ್ಷದಿಂದ ವರ್ಷಕ್ಕೆ ಐನ್‌ಸ್ಟೈನರು ಹೇಳಿದ್ದ ಪ್ರಮಾಣದಲ್ಲೇ ಕುಗ್ಗುತ್ತಿರುವುದು ಇದರಿಂದ ಸಿದ್ಧವಾಯಿತು. ೧೯೯೩ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ನಕ್ಷತ್ರದ ಪಿಸುಮಾತಿಗೆ ಸಲ್ಲುವ ವಿದ್ಯೆ ಹಿತ್ತಿಲಿನ ಪಿಸುಮಾತಿಗೂ ಸಲ್ಲಬೇಕಷ್ಟೆ. ೨೦೦೮ರಲ್ಲಿ ಟೇಲರ್ ಹವ್ಯಾಸಿಗಳಿಗಾಗಿ ‘ವಿಸ್ಪರ್’ ಎಂಬ ಸಂಕೇತ ಪದ್ಧತಿಯನ್ನು ರಚಿಸಿಕೊಟ್ಟರು. ಪಿಸುಮಾತು ಎಂಬುದೇ ಆ ಹೆಸರಿನ ಧ್ವನಿ. ಅದರಲ್ಲಿ ಹೇಳುವುದು ಮೂರೇ ಸಂಗತಿ: ಕೇಂದ್ರದ ಹೆಸರು, ಭೂಪಟದಲ್ಲಿ ಅದಿರುವ ಚೌಕ, ಯಂತ್ರದ ಶಕ್ತಿ. ಇಷ್ಟನ್ನು ೫೦ ಅಂಕಗಳಾಗಿ ಮಡಿಸಿ, ತಪ್ಪನ್ನು ತಾನೇ ತಿದ್ದಿಕೊಳ್ಳುವಂತೆ ೧೬೨ ಸ್ವರಗಳಾಗಿ ಹರಡಿ ಕಳುಹಿಸಲಾಗುತ್ತದೆ. ಸ್ವರಗಳು ನಾಲ್ಕೇ; ಒಂದಕ್ಕೂ ಇನ್ನೊಂದಕ್ಕೂ ಅಂತರ ಒಂದೂವರೆ ಹರ್ಟ್ಸಿಗಿಂತ ಕಡಿಮೆ. ಹಾಡಿಕೆ ಮುಗಿಯಲು ೧೧೦.೬ ಸೆಕೆಂಡು. ಗದ್ದಲದ ಆರುನೂರರಲ್ಲಿ ಒಂದು ಪಾಲಿನಷ್ಟು ಶಕ್ತಿಯಿದ್ದರೂ ಗಣಕಯಂತ್ರ ಅದನ್ನು ಓದಬಲ್ಲದು.

ಆದರೆ ಒಂದು ಷರತ್ತು ಉಂಟು. ಎಲ್ಲರೂ ಸಮಸಂಖ್ಯೆಯ ನಿಮಿಷ ಹುಟ್ಟಿ ಒಂದು ಸೆಕೆಂಡು ಕಳೆದೊಡನೆ ಹಾಡಲು ತೊಡಗಬೇಕು. ಕೇಳುವವರೂ ಅದೇ ಕ್ಷಣಕ್ಕೆ ಕಿವಿ ತೆರೆಯಬೇಕು. ಎಡುಪು ತಪ್ಪಿದರೆ ಪಲ್ಲವಿಯೇ ಇಲ್ಲ.

ಗಡಿಯಾರದ ನಡಿಗೆ

ಎಡುಪು ಹಿಡಿಯಲು ಒಂದು ಸೆಕೆಂಡಿನ ನಿಖರತೆ ಸಾಕು. ದೀರ್ಘತರಂಗದ ಹವ್ಯಾಸಿಗೆ ಇಷ್ಟಕ್ಕೆ ತೃಪ್ತಿಯಿಲ್ಲ. ಎರಡು ನಿಮಿಷ ಕೂಡಿಸಿದರೆ ಇಷ್ಟು ಫಲ ಸಿಗುವುದಾದರೆ ಅರ್ಧ ಗಂಟೆ ಕೂಡಿಸಿದರೆ ಎಷ್ಟು ಸಿಗಬಹುದು? ಟೇಲರ್ ಮತ್ತು ಅವರ ಸಂಗಡಿಗರು ೨೦೨೧ರಲ್ಲಿ ಹೊರತಂದ ಹೊಸ ಪದ್ಧತಿಯಲ್ಲಿ ಒಂದೇ ಸಂದೇಶಕ್ಕೆ ಮೂವತ್ತು ನಿಮಿಷ ಹಿಡಿಯುವ ಬಗೆಯೂ ಇದೆ. ಅಲ್ಲಿ ಒಂದೊಂದು ಸ್ವರವೂ ಹನ್ನೊಂದು ಸೆಕೆಂಡಿಗೂ ಹೆಚ್ಚು ಹೊತ್ತು ನಿಲ್ಲುತ್ತದೆ. ಸ್ವರದಿಂದ ಸ್ವರಕ್ಕೆ ಅಂತರ ೦.೦೮೯ ಹರ್ಟ್ಸ್ ಮಾತ್ರ.

ತೊಡಕು ಇಲ್ಲಿದೆ. ರೇಡಿಯೋ ಯಂತ್ರದ ಸ್ವರವನ್ನು ನಿರ್ಧರಿಸುವುದು ಅದರೊಳಗಿನ ಒಂದು ಚೂರು ಸ್ಫಟಿಕ. ಅದು ಸಾಕಷ್ಟು ಸಭ್ಯವಾದ ವಸ್ತುವೇ. ಆದರೆ ಸೆಕೆಗೂ ಚಳಿಗೂ ಮನಸ್ಸು ಬದಲಿಸುತ್ತದೆ. ಕೋಣೆಯ ಬಾಗಿಲು ತೆರೆದು ತಂಗಾಳಿ ನುಗ್ಗಿತೆಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಸರಿದುಬಿಡಬಹುದು. ೧೩೬ ಕಿಲೋಹರ್ಟ್ಸಿನಲ್ಲಿ ಆ ಒಂದು ಪಾಲು ೦.೧೩೬ ಹರ್ಟ್ಸ್. ಅಂದರೆ ಷಡ್ಜ ಹಾಡಲು ಹೊರಟವನು ತನಗೇ ತಿಳಿಯದೆ ರಿಷಭವನ್ನೂ ದಾಟಿ ನಿಂತಂತೆ! ತುಣುಕುಗಳನ್ನು ಕೂಡಿಸುವಾಗ ಒಂದರ ಉಬ್ಬಿನ ಮೇಲೆ ಇನ್ನೊಂದರ ತಗ್ಗು ಬಿದ್ದು ಸಂಕೇತ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಒಂದು ಗಂಟೆಯ ಹೊತ್ತು ತಾಳ ತಪ್ಪದೆ ಕೂಡಿಸಬೇಕಾದರೆ, ಸಾಗರದ ಎರಡು ಕಡೆಯ ಗಡಿಯಾರಗಳ ನಡಿಗೆಯಲ್ಲಿ ನೂರು ಕೋಟಿಗೆ ಒಂದು ಪಾಲಿಗಿಂತ ಹೆಚ್ಚು ಭೇದ ಇರಬಾರದು. ಮೂವತ್ತು ವರ್ಷ ನಡೆದು ಒಂದು ಸೆಕೆಂಡು ತಪ್ಪುವ ಗಡಿಯಾರವದು. ಯಾವ ಗೃಹಸ್ಥನ ಮನೆಯಲ್ಲಿ ಅಂಥದು ಇದ್ದೀತು?

ಮನೆಯಲ್ಲಿಲ್ಲ, ಮನೆಯ ಮಾಡಿನ ಮೇಲೆ ಇದೆ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳಲ್ಲಿ ಮೊದಲನೆಯದು ೧೯೭೮ರಲ್ಲಿ ಹಾರಿತು. ೧೯೯೫ರಲ್ಲಿ ಇಪ್ಪತ್ತನಾಲ್ಕರ ಬಳಗ ಪೂರ್ಣವಾಯಿತು. ಒಂದೊಂದರಲ್ಲೂ ಸೀಸಿಯಂ ಅಥವಾ ರುಬಿಡಿಯಂ ಪರಮಾಣುಗಳ ಕಂಪನವನ್ನು ಎಣಿಸುವ ಗಡಿಯಾರಗಳಿವೆ. ‘ನಾನು ಇಲ್ಲಿದ್ದೇನೆ, ಈಗ ಇಷ್ಟು ಗಂಟೆ’ ಎಂದು ಅವು ಎಡೆಬಿಡದೆ ಸಾರುತ್ತಿರುತ್ತವೆ. ಆ ಸಾರಿಕೆ ನೆಲಕ್ಕೆ ಇಳಿಯಲು ಸೆಕೆಂಡಿನ ಹದಿನೈದನೆಯ ಒಂದು ಪಾಲಿನಷ್ಟು ಹೊತ್ತು ಬೇಕು. ಕೆಳಗಿನ ಗ್ರಾಹಕ ಯಂತ್ರ ನಾಲ್ಕು ಉಪಗ್ರಹಗಳ ಸಾರಿಕೆಯನ್ನು ಕೇಳಿ, ವಿಳಂಬವನ್ನು ಲೆಕ್ಕ ಹಾಕಿ, ತಾನಿರುವ ಸ್ಥಳವನ್ನೂ ಸರಿಯಾದ ವೇಳೆಯನ್ನೂ ಒಟ್ಟಿಗೆ ಬಿಡಿಸಿಕೊಳ್ಳುತ್ತದೆ. ಊರು ಹುಡುಕಲು ಹೊರಟವರಿಗೆ ಸ್ಥಳ ಮುಖ್ಯ. ಹವ್ಯಾಸಿಗೆ ವೇಳೆ ಮುಖ್ಯ. ಹಸ್ತದ ಮೇಲೆ ಕೂರುವ ಆ ಪುಟ್ಟ ಯಂತ್ರದ ಒಂದು ಕಾಲಿನಿಂದ ಸೆಕೆಂಡಿಗೊಂದರಂತೆ ವಿದ್ಯುತ್ ಮಿಡಿತ ಹೊರಡುತ್ತದೆ. ಒಳ್ಳೆಯ ಯಂತ್ರವಾದರೆ ಅದರಲ್ಲಿ ತಪ್ಪುವುದು ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲು. ಅದಕ್ಕಿಂತಲೂ ಕಡಿಮೆ ಇರಬಹುದು.

ಈ ಮಿಡಿತವನ್ನು ಬಳಸುವ ಬಗೆ ಸ್ವಾರಸ್ಯಕರವಾದುದು. ಬಾನುಲಿಯ ಸಮಯಸೂಚನೆಯನ್ನು ಕೇಳಿ ಗೋಡೆಯ ಗಡಿಯಾರದ ಮುಳ್ಳು ತಿರುಗಿಸುವವರು ಆ ಕ್ಷಣದ ತಪ್ಪನ್ನು ಮಾತ್ರ ತಿದ್ದುತ್ತಾರೆ. ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುವ ಗಡಿಯಾರ ಮರುದಿನವೂ ಹಿಂದೆ ಬೀಳುತ್ತದೆ. ಜಾಣ ಗಡಿಯಾರ ರಿಪೇರಿಯವನು ಮುಳ್ಳನ್ನಲ್ಲ, ಲೋಲಕವನ್ನು ಹಿಡಿಯುತ್ತಾನೆ. ಅದರ ನಡಿಗೆಯನ್ನೇ ತಿದ್ದುತ್ತಾನೆ. ಹವ್ಯಾಸಿಯ ಮೇಜಿನ ಮೇಲೂ ಅದೇ ಕ್ರಮ. ಸಣ್ಣ ಒಲೆಯಲ್ಲಿ ಹದವಾದ ಬಿಸಿಯಲ್ಲಿಟ್ಟ ಸ್ಫಟಿಕವೊಂದು ಸೆಕೆಂಡಿಗೆ ಒಂದು ಕೋಟಿ ಸಲ ಕಂಪಿಸುತ್ತದೆ. ಎರಡು ಆಕಾಶ ಮಿಡಿತಗಳ ನಡುವೆ ಅದು ಎಷ್ಟು ಕಂಪಿಸಿತೆಂಬುದನ್ನು ಒಂದು ಎಣಿಕೆಯ ಮಂಡಲ ಲೆಕ್ಕವಿಡುತ್ತದೆ. ಕೋಟಿಗೆ ಒಂದು ಹೆಚ್ಚಾಯಿತೆ? ಸ್ವಲ್ಪ ಬಿಗಿ ಹಿಡಿಯುತ್ತದೆ. ಒಂದು ಕಡಿಮೆಯಾಯಿತೆ? ಸ್ವಲ್ಪ ಸಡಿಲಿಸುತ್ತದೆ. ಗಂಟೆಗಟ್ಟಲೆ ಹೀಗೆ ತಿದ್ದಿದ ಮೇಲೆ ಸ್ಫಟಿಕ ಉಪಗ್ರಹದ ಶಿಷ್ಯನಾಗುತ್ತದೆ. ಕ್ಷಣಕ್ಷಣದ ಸ್ಥಿರತೆ ಸ್ಫಟಿಕದ್ದು, ದೀರ್ಘಕಾಲದ ಸತ್ಯ ಆಕಾಶದ್ದು. ಎರಡೂ ಕೂಡಿ ಗೃಹಸ್ಥನಿಗೆ ರಾಷ್ಟ್ರೀಯ ಪ್ರಯೋಗಶಾಲೆಗೆ ಹತ್ತಿರವಾದ ಗಡಿಯಾರವನ್ನು ಕೊಡುತ್ತವೆ.

ಇದರಲ್ಲಿ ಎರಡು ಎಚ್ಚರಿಕೆಗಳು ಅಡಗಿವೆ. ಮೊದಲನೆಯದು ಐನ್‌ಸ್ಟೈನರದು. ಎತ್ತರದಲ್ಲಿ ಗುರುತ್ವಾಕರ್ಷಣ ಕಡಿಮೆಯಾದುದರಿಂದ ಅಲ್ಲಿಯ ಗಡಿಯಾರ ಬೇಗ ನಡೆಯುತ್ತದೆ. ವೇಗವಾಗಿ ಓಡುವುದರಿಂದ ಸ್ವಲ್ಪ ನಿಧಾನವಾಗುತ್ತದೆ. ಕೂಡಿ ಕಳೆದರೆ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ೩೮ ಪಾಲು ಮುಂದೆ. ಆದುದರಿಂದ ಅವುಗಳನ್ನು ನೆಲದಲ್ಲೇ ಅಷ್ಟು ನಿಧಾನಮಾಡಿ ಮೇಲಕ್ಕೆ ಕಳುಹಿಸುತ್ತಾರೆ. ಹಾಗೆ ಮಾಡದಿದ್ದರೆ ೧೩೬ ಕಿಲೋಹರ್ಟ್ಸಿನಲ್ಲಿ ದಿನಕ್ಕೆ ಐದು ಅಲೆಗಳಷ್ಟು ಲೆಕ್ಕ ತಪ್ಪುತ್ತಿತ್ತು. ಎರಡನೆಯದು ಪಂಚಾಂಗದ್ದು. ಭೂಮಿಯ ಸುತ್ತಾಟದ ಏರುಪೇರಿಗೆ ಸರಿಯಾಗಿ ಲೋಕದ ಗಡಿಯಾರಕ್ಕೆ ಆಗಾಗ ಒಂದು ಅಧಿಕ ಸೆಕೆಂಡು ಸೇರಿಸಿದ್ದುಂಟು. ಉಪಗ್ರಹದ ಗಡಿಯಾರಕ್ಕೆ ಸೇರಿಸುವುದಿಲ್ಲ. ೨೦೧೭ರ ಜನವರಿ ಒಂದರಿಂದ ಅದು ಲೋಕಕ್ಕಿಂತ ೧೮ ಸೆಕೆಂಡು ಮುಂದಿದೆ. ಹೊಸದಾಗಿ ಹೊತ್ತಿಸಿದ ಗ್ರಾಹಕ ಯಂತ್ರಕ್ಕೆ ಈ ತಿದ್ದುಪಡಿ ಉಪಗ್ರಹದಿಂದ ತಲುಪಲು ಹನ್ನೆರಡೂವರೆ ನಿಮಿಷದವರೆಗೂ ಹಿಡಿಯಬಹುದು. ಅದಕ್ಕೆ ಕಾಯದ ಆತುರಗಾರ ಹದಿನೆಂಟು ಸೆಕೆಂಡು ಮೊದಲೇ ಹಾಡಲು ತೊಡಗಿ, ಯಾರಿಗೂ ಕೇಳಿಸದೆ ರಾತ್ರಿ ಕಳೆಯುತ್ತಾನೆ.

ರಾತ್ರಿಯ ರಾಜಮಾರ್ಗ

ಇಷ್ಟು ನಿಖರವಾದ ಗಡಿಯಾರ ಹ್ರಸ್ವತರಂಗಗಳಿಗೆ ಇಷ್ಟು ಫಲ ಕೊಡದು. ಅಲ್ಲಿ ಅಲೆಯನ್ನು ಹಿಂತಿರುಗಿಸುವ ವಾಯುಮಂಡಲದ ಮೇಲ್ಪದರ ಗಾಳಿಗೆ ಸಿಕ್ಕ ಚಪ್ಪರದಂತೆ ಅಲುಗುತ್ತಿರುತ್ತದೆ. ಗಡಿಯಾರ ಸರಿಯಿದ್ದರೂ ದಾರಿ ತೂಗಾಡುತ್ತದೆ. ದೀರ್ಘತರಂಗಗಳು ನೆಲಕ್ಕೂ ಆ ಪದರದ ಕೆಳ ಅಂಚಿಗೂ ನಡುವೆ ಹಜಾರದಲ್ಲಿ ನಡೆದಂತೆ ಸಾಗುತ್ತವೆ. ಬಿಸಿಲಿನಲ್ಲಿ ಅವುಗಳನ್ನು ಹೀರುವ ಪದರ ಸೂರ್ಯಾಸ್ತದ ಮೇಲೆ ಕರಗುತ್ತದೆ. ಚಳಿಗಾಲದ ದೀರ್ಘ ರಾತ್ರಿಯಲ್ಲಿ ಎರಡು ದಡಗಳಲ್ಲೂ ಕತ್ತಲು ಕವಿದಿರುವಾಗ ದಾರಿ ಗಂಟೆಗಟ್ಟಲೆ ಸ್ಥಿರವಾಗಿರುತ್ತದೆ. ದಾರಿಯೂ ಸ್ಥಿರ, ಗಡಿಯಾರವೂ ಸ್ಥಿರ. ಇನ್ನು ಕೂಡಿಸುವುದೊಂದೇ ಕೆಲಸ.

ಇದರ ತುತ್ತತುದಿಯನ್ನು ಮುಟ್ಟಿದವರೂ ಇದ್ದಾರೆ. ೨೦೧೦ರ ನಂತರದ ವರ್ಷಗಳಲ್ಲಿ ಜರ್ಮನಿ, ಇಂಗ್ಲೆಂಡು, ಅಮೆರಿಕಗಳ ಕೆಲವು ಹವ್ಯಾಸಿಗಳು ೯ ಕಿಲೋಹರ್ಟ್ಸಿಗಿಂತ ಕೆಳಕ್ಕೆ ಇಳಿದರು. ಅಲ್ಲಿ ಒಂದು ಅಲೆಯ ಉದ್ದವೇ ೩೩ ಕಿಲೋಮೀಟರು. ಬೆಂಗಳೂರಿನಿಂದ ಬಿಡದಿಗೆ ಇರುವಷ್ಟು ದೂರ. ಅವರ ತಂತಿಗಳಿಂದ ಆಕಾಶಕ್ಕೆ ಹೊರಟ ಶಕ್ತಿ ವ್ಯಾಟಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕಳುಹಿಸುವ ಕಡೆಯಲ್ಲಿ ಸಂಕೇತದ ಪ್ರತಿಯೊಂದು ತಿರುವೂ ಉಪಗ್ರಹದ ಮಿಡಿತಕ್ಕೆ ಕಟ್ಟಿತ್ತು. ಕೇಳುವ ಕಡೆಯಲ್ಲಿ ಗದ್ದಲದ ಜೊತೆಗೇ ಅದೇ ಮಿಡಿತವನ್ನೂ ದಾಖಲಿಸಿಕೊಳ್ಳುತ್ತಿದ್ದರು. ರಾತ್ರಿ ಕಳೆದ ಮೇಲೆ ಮಿಂಚಿನ ಸಿಡಿತಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಉಳಿದುದನ್ನು ತಾಳಕ್ಕೆ ಕೂಡಿಸಿದಾಗ, ಸಾಗರದಾಚೆಯ ನಾಲ್ಕಾರು ಅಕ್ಷರಗಳು ಮೂಡಿಬಂದುವು. ಗ್ರಿಮೆಟಾನಿನ ಆರು ಗೋಪುರಗಳೂ ೨೦೦ ಕಿಲೋವ್ಯಾಟಿನ ಯಂತ್ರವೂ ಮಾಡುತ್ತಿದ್ದ ಸಾಗರ ಲಂಘನವನ್ನು ಶಕ್ತಿಯಿಂದಲ್ಲ, ತಾಳ್ಮೆಯಿಂದಲೂ ತಾಳದಿಂದಲೂ ಮಾಡಿದಂತಾಯಿತು.

ತಾಳ ಹಾಕುವವನೇ ತ��್ಪಿದರೆ?

ಆಟದ ಮಾತು ಇಲ್ಲಿಗೆ ಸಾಕು. ಇದರೊಳಗೆ ಎಲ್ಲರಿಗೂ ಸಂಬಂಧಿಸಿದ ಸಂಗತಿಯೊಂದಿದೆ. ಹವ್ಯಾಸಿ ನಂಬಿರುವ ಉಪಗ್ರಹದ ಸೆಕೆಂಡನ್ನೇ ದೂರವಾಣಿ ಕೇಂದ್ರಗಳೂ, ವಿದ್ಯುಚ್ಛಕ್ತಿಯ ಜಾಲಗಳೂ, ಬ್ಯಾಂಕುಗಳ ಲೆಕ್ಕಪತ್ರಗಳೂ ನಂಬಿವೆ.

೨೦೧೬ರ ಜನವರಿ ೨೬ರಂದು, ೧೯೯೦ರಲ್ಲಿ ಹಾರಿದ್ದ ಒಂದು ಮುದಿ ಜಿ.ಪಿ.ಎಸ್. ಉಪಗ್ರಹವನ್ನು ಸೇವೆಯಿಂದ ಬಿಡುಗಡೆ ಮಾಡುವಾಗ ನೆಲದ ಲೆಕ್ಕದಲ್ಲಿ ದೋಷ ನುಸುಳಿತು. ಲೋಕದ ವೇಳೆಗೆ ಹೊಂದಿಸುವ ತಿದ್ದುಪಡಿಯಲ್ಲಿ ಹಲವು ಉಪಗ್ರಹಗಳು ಸೆಕೆಂಡಿನ ಹತ್ತು ಲಕ್ಷದಲ್ಲಿ ೧೩.೭ ಪಾಲು ತಪ್ಪು ಸಾರಿದುವು. ಗೋಡೆ ಗಡಿಯಾರದ ಮಾತಿನಲ್ಲಿ ಅದು ಏನೂ ಅಲ್ಲ. ಆದರೆ ಅದನ್ನು ನಂಬಿದ ದೂರಸಂಪರ್ಕ ಯಂತ್ರಗಳು ಹಲವೆಡೆ ಗಂಟೆಗಟ್ಟಲೆ ಅಪಾಯದ ಗಂಟೆ ಬಾರಿಸಿದುವು; ಬ್ರಿಟನ್ನಿನ ಹಲವು ಕಡೆ ಬಿ.ಬಿ.ಸಿ.ಯ ಡಿಜಿಟಲ್ ಬಾನುಲಿ ತೊದಲಿತು. ೧೩೬ ಕಿಲೋಹರ್ಟ್ಸಿನ ಲೆಕ್ಕದಲ್ಲಿ ಆ ತಪ್ಪು ಹತ್ತಿರ ಹತ್ತಿರ ಎರಡು ಅಲೆ. ಹವ್ಯಾಸಿಗೆ ಹೋದದ್ದು ಒಂದು ರಾತ್ರಿಯ ಕೂಡಿಕೆ. ಲೋಕಕ್ಕೆ ಕಂಡದ್ದು ತಾನು ಎಷ್ಟು ಸಪುರವಾದ ದಾರದಿಂದ ತೂಗುತ್ತಿದ್ದೇನೆಂಬ ಸತ್ಯ.

ನಮ್ಮ ದೇಶವೂ ಈ ಪಾಠವನ್ನು ಅನುಭವದಿಂದಲೇ ಕಲಿತಿದೆ. ಭಾರತದ ಸ್ವಂತ ‘ನಾವಿಕ್’ ಉಪಗ್ರಹ ವ್ಯವಸ್ಥೆಯ ಕೇಂದ್ರವನ್ನು ೨೦೧೩ರಲ್ಲಿ ಬೆಂಗಳೂರಿಗೆ ಸುಮಾರು ೪೦ ಕಿಲೋಮೀಟರು ದೂರದ ಬ್ಯಾಲಾಳುವಿನಲ್ಲಿ ತೆರೆಯಲಾಯಿತು. ಅದೇ ವರ್ಷ ಹಾರಿದ ಮೊದಲ ಉಪಗ್ರಹದ, ವಿದೇಶದಿಂದ ತರಿಸಿದ ಮೂರು ಪರಮಾಣು ಗಡಿಯಾರಗಳೂ ಕೆಲವೇ ವರ್ಷಗಳಲ್ಲಿ ಒಂದರ ಹಿಂದೊಂದು ಕೆಟ್ಟುವು. ಉಪಗ್ರಹ ಮೇಲೆ ಸುತ್ತುತ್ತಲೇ ಇತ್ತು. ವೇಳೆ ಹೇಳಲಾರದ ಉಪಗ್ರಹ ದಾರಿಯನ್ನೂ ಹೇಳಲಾರದು. ೨೦೨೩ರ ಮೇ ೨೯ರಂದು ಹಾರಿದ ಎನ್.ವಿ.ಎಸ್.-೧ ಉಪಗ್ರಹದಲ್ಲಿ, ಅಹಮದಾಬಾದಿನ ಪ್ರಯೋಗಶಾಲೆಯಲ್ಲಿ ನಮ್ಮವರೇ ನಿರ್ಮಿಸಿದ ರುಬಿಡಿಯಂ ಗಡಿಯಾರ ಮೊದಲ ಸಲ ಮೇಲೇರಿತು.

ವಿಚಿತ್ರವೆಂದರೆ, ಆಕಾಶದ ಗಡಿಯಾರ ಕೈಕೊಟ್ಟರೆ ನೆರವಿಗಿರಲೆಂದು ಬಲ್ಲವರು ಈಗ ಮತ್ತೆ ನೋಡುತ್ತಿರುವುದು ದೀರ್ಘತರಂಗಗಳ ಕಡೆಗೇ. ೧೦೦ ಕಿಲೋಹರ್ಟ್ಸಿನಲ್ಲಿ ಹಡಗುಗಳಿಗೆ ದಾರಿ ತೋರುತ್ತಿದ್ದ ‘ಲೊರಾನ್’ ಕೇಂದ್ರಗಳನ್ನು ಅಮೆರಿಕ ೨೦೧೦ರಲ್ಲಿ ಹಳತಾಯಿತೆಂದು ಮುಚ್ಚಿತು. ದಕ್ಷಿಣ ಕೊರಿಯವೋ ಅದರ ಸುಧಾರಿಸಿದ ರೂಪವನ್ನು ಕಟ್ಟಿಕೊಂಡಿದೆ. ಉಪಗ್ರಹದ ಕ್ಷೀಣ ಸಂಕೇತವನ್ನು ಮೇಜಿನ ಮೇಲಿನ ಸಣ್ಣ ಯಂತ್ರವೂ ಅಡಗಿಸಬಲ್ಲದು. ನೆಲಕ್ಕಂಟಿಕೊಂಡು ಬರುವ ಬಲವಾದ ದೀರ್ಘತರಂಗವನ್ನು ಅಡಗಿಸುವುದು ಅಷ್ಟು ಸುಲಭವಲ್ಲ. ಆ ಅಲೆಗಳು ಯಾವ ರಾತ್ರಿ ಎಷ್ಟು ಸ್ಥಿರ, ಯಾವ ಋತುವಿನಲ್ಲಿ ಎಷ್ಟು ಚಂಚಲ ಎಂಬುದನ್ನು, ಯಾರ ಸಂಬಳವೂ ಇಲ್ಲದೆ, ವರ್ಷವರ್ಷವೂ ದಾಖಲಿಸುತ್ತ ಬಂದವರಲ್ಲಿ ಈ ಹಿತ್ತಿಲಿನ ಹವ್ಯಾಸಿಗಳೂ ಸೇರಿದ್ದಾರೆ.

ಆರ್ಡ್ರಾಸನ್ನಿನ ಗುಡಾರ ಕಿತ್ತು ಶತಮಾನವೇ ಕಳೆಯಿತು. ಆದರೂ ಪ್ರತಿ ಚಳಿಗಾಲ, ಮನೆಮಂದಿ ಮಲಗಿದ ಮೇಲೆ, ಯಾರೋ ಒಬ್ಬರು ದೀಪ ತಗ್ಗಿಸಿ, ಗ್ರಾಹಕ ಯಂತ್ರವನ್ನು ಹೊತ್ತಿಸಿ, ಆಕಾಶದ ಮಿಡಿತಕ್ಕೆ ಅದನ್ನು ಕಟ್ಟಿ ಮಲಗಲು ಹೋಗುತ್ತಾರೆ. ಬೆಳಗ್ಗೆ ಕಾಫಿಯ ಲೋಟ ಹಿಡಿದು ಬಂದು ನೋಡಿದರೆ ಪರದೆಯ ಮೇಲೆ ಒಂದೇ ಸಾಲು: ಸಾಗರದಾಚೆಯ ಒಂದು ಹೆಸರು, ಒಂದು ಚೌಕ, ಒಂದು ವ್ಯಾಟಿನ ಶಕ್ತಿ. ರಾತ್ರಿಯಿಡೀ ಮಿಂಚು ಗುಡುಗುಗಳ ನಡುವೆ ಆ ಪಿಸುಮಾತು ಬರುತ್ತಲೇ ಇತ್ತು. ತಾಳ ಕೂಡಿದ್ದರಿಂದ ಕೇಳಿಸಿತು.